ಉಬ್ಬಸ, ಗೂರಲು, ದಮ್ಮು: ಅಸ್ತಮಾ ರೋಗದ ಜನಪದ ಗ್ರಹಿಕೆ ಮತ್ತು ವೈದ್ಯಕೀಯ ವಿವರಣೆ

ಪೀಠಿಕೆ

ಮಂಗಳೂರು ನಗರದ ನಡುಭಾಗದಲ್ಲಿರುವ ಹಂಪನಕಟ್ಟೆಯು ಹಲವು ರಸ್ತೆಗಳು ಕೂಡುವ ತಾಣ. 1848ರಲ್ಲಿ ಆರಂಭವಾಗಿ, ಮುಂದೆ ಮದರಾಸು ಪ್ರಾಂತದ ಗವರ್ನರ್ (1891–1896) ವೆನ್ಲಾಕ್ ಅವರ ಹೆಸರನ್ನು ಪಡೆದ ಸರಕಾರಿ ಜಿಲ್ಲಾ ಆಸ್ಪತ್ರೆ, ಲೇಡಿಗೋಶನ್ ಹೆರಿಗೆ ಆಸ್ಪತ್ರೆ, 1868ರಲ್ಲಿ ಸರಕಾರಿ ಕಾಲೇಜಾಗಿ ಮೊದಲ್ಗೊಂಡ ಇಂದಿನ ವಿಶ್ವವಿದ್ಯಾನಿಲಯ ಕಾಲೇಜು, ಮಿಲಾಗ್ರಿಸ್ ಇಗರ್ಜಿ ಇವೆಲ್ಲವೂ ಈ ಪರಿಸರದಲ್ಲಿಯೇ ಇವೆ. 1950ರ ದಶಕದಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳನ್ನು ನೋಡಿ ಕಲಿಯುತ್ತ ಬಂದಿದ್ದಾರೆ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳಿಂದಲೂ ಗಡಿಯಾಚೆಯ ಕಾಸರಗೋಡಿನಿಂದಲೂ ಬರುವ ರೋಗಿಗಳು ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಭಾಷೆಗಳಲ್ಲಿ ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ಆ ಮಾತನ್ನು ಕೇಳಿ ದಾಖಲಿಸುವ ವೈದ್ಯಶಾಸ್ತ್ರದ ಭಾಷೆ ಮಾತ್ರ ಬೇರೆಯದು.

ಈ ಎರಡು ಭಾಷೆಗಳ ನಡುವಿನ ಅಂತರ ಎಲ್ಲ ರೋಗಗಳಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಸ್ತಮಾದಲ್ಲಿ ಅದು ಪ್ರಾಣಕ್ಕೆ ಸಂಬಂಧಿಸಿದ ಅಂತರವಾಗುತ್ತದೆ. ಜನಪದದಲ್ಲಿ ಈ ರೋಗಕ್ಕಿರುವ ಹೆಸರುಗಳೆಲ್ಲವೂ ಉಸಿರು ಕಟ್ಟುವ ಹೊತ್ತಿನ ಸ್ಥಿತಿಯನ್ನು ಸೂಚಿಸುತ್ತವೆ. ರೋಗನಿರೋಧಶಾಸ್ತ್ರವಾದರೋ, ಉಸಿರು ಸರಾಗವಾಗಿರುವ ದಿನಗಳಲ್ಲಿಯೂ ಶ್ವಾಸನಾಳದೊಳಗೆ ರೋಗವು ಮುಂದುವರಿಯುತ್ತಿರುತ್ತದೆ ಎಂದು ತೋರಿಸಿಕೊಟ್ಟಿದೆ. ಔಷಧವನ್ನು ಎಂದು ತೆಗೆದುಕೊಳ್ಳಬೇಕು, ಎಂದು ಬಿಡಬಹುದು ಎಂಬ ರೋಗಿಯ ತೀರ್ಮಾನವು ಈ ಎರಡು ತಿಳಿವಳಿಕೆಗಳಲ್ಲಿ ಯಾವುದನ್ನು ಆತ ನಂಬುತ್ತಾನೆ ಎಂಬುದನ್ನು ಅವಲಂಬಿಸಿದೆ. ಅಸ್ತಮಾದ ರೋಗನಿರೋಧ ಪ್ರಕ್ರಿಯೆ, ಪ್ರಕಾರಗಳು, ನಿರ್ಣಯವಿಧಾನ ಹಾಗೂ ತೀವ್ರತೆಯ ವರ್ಗೀಕರಣವನ್ನು ಕರಾವಳಿಯ ಜನಪದ ತಿಳಿವಳಿಕೆಯೊಂದಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳು ಹೇಳುವ ಸಂಗತಿ

ಕನ್ನಡದಲ್ಲಿ ಈ ರೋಗಕ್ಕೆ ಉಬ್ಬಸ, ಗೂರಲು, ದಮ್ಮು ಎಂಬ ಹೆಸರುಗಳಿವೆ. ಉಬ್ಬಸ ಶಬ್ದದ ಶಾಸ್ತ್ರೀಯ ನಿಷ್ಪತ್ತಿ ಏನೇ ಇರಲಿ, ಜನಮನಸ್ಸು ಅದನ್ನು ‘ಉಬ್ಬು’ ಎಂಬ ಕ್ರಿಯಾಪದದೊಡನೆ ಸಹಜವಾಗಿ ಜೋಡಿಸಿಕೊಳ್ಳುತ್ತದೆ. ಈ ಜೋಡಣೆಯಲ್ಲಿ ಸೂಕ್ಷ್ಮವಾದ ಅವಲೋಕನವೊಂದು ಅಡಗಿದೆ. ಅಸ್ತಮಾ ರೋಗಿಗೆ ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಹೆಚ್ಚು ಕಷ್ಟ. ಹೊರಹೋಗದ ಗಾಳಿಯು ಶ್ವಾಸಕೋಶದಲ್ಲಿ ಉಳಿದು ಎದೆಗೂಡು ಹಿಗ್ಗಿ ನಿಲ್ಲುತ್ತದೆ. ಎದೆ ಉಬ್ಬಿದೆ ಎಂಬ ಜನರ ಮಾತು ಹೀಗೆ ಅಕ್ಷರಶಃ ನಿಜವಾಗಿದೆ. ಗೂರಲು ಎಂಬುದು ಎದೆಯ ಸದ್ದನ್ನು ಅನುಕರಿಸುವ ಶಬ್ದ. ದಮ್ಮು ಶಬ್ದದ ಮೂಲ ಪಾರಸಿಯ ‘ದಮ್’. ಅದರ ಅರ್ಥ ಉಸಿರು. ಕರಾವಳಿಯಲ್ಲಿ ಕನ್ನಡಿಗರೂ ತುಳುವರೂ ಸಮಾನವಾಗಿ ಬಳಸುವ ಶಬ್ದವಿದು. ಅಸ್ತಮಾ ಎಂಬ ಗ್ರೀಕ್ ಮೂಲದ ಶಬ್ದಕ್ಕೂ ಏದುಸಿರು ಎಂದೇ ಅರ್ಥ. ಕಂಡದ್ದು ಮತ್ತು ಕೇಳಿದ್ದು ಈ ಎಲ್ಲ ಹೆಸರುಗಳ ಆಧಾರ.

ಇವುಗಳೊಂದಿಗೆ ಇತ್ತೀಚಿನ ದಶಕಗಳಲ್ಲಿ ಮರೆಮಾಚುವ ಹೆಸರುಗಳು ಬಳಕೆಗೆ ಬಂದಿರುವುದು ಗಮನಾರ್ಹ. ‘ಇಸ್ನೋಫೀಲಿಯಾ’, ‘ವೀಸಿಂಗ್’, ‘ಅಲರ್ಜಿ ಕೆಮ್ಮು’, ‘ಥಂಡಿ’ ಎನ್ನುವ ಮಾತುಗಳು ಅಸ್ತಮಾ ಎಂಬ ಹೆಸರನ್ನು ತಪ್ಪಿಸುವುದಕ್ಕಾಗಿ ಬಳಕೆಯಾಗುತ್ತವೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು. ಹೆಸರನ್ನು ಮುಚ್ಚಿಡುವ ಕಡೆ ಔಷಧದ ‘ಪಂಪು’ ಕೂಡ ಮುಚ್ಚಿಡುವ ವಸ್ತುವಾಗುತ್ತದೆ.

ತಮಕಶ್ವಾಸ ಮತ್ತು ಯಾಪ್ಯ ಎಂಬ ಪರಿಕಲ್ಪನೆ

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯು ಅಸ್ತಮಾಕ್ಕೆ ಬಹಳ ಹತ್ತಿರವಾದುದು. ಮೋಡ ಕವಿದಾಗ, ಮಳೆ ಬಂದಾಗ, ಚಳಿಯಲ್ಲಿ, ಮೂಡಣ ಗಾಳಿಗೆ ಅದು ಹೆಚ್ಚುತ್ತದೆ. ರೋಗಿಗೆ ಮಲಗಿದರೆ ಸಂಕಟ, ಎದ್ದು ಕುಳಿತರೆ ನೆಮ್ಮದಿ. ಕಫ ಹೊರಬಂದರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ; ಬಿಸಿಯಾದುದು ಹಿತವೆನಿಸುತ್ತದೆ. ಕರಾವಳಿಯ ಯಾವ ಹಳ್ಳಿಯಲ್ಲಿಯೂ ಉಬ್ಬಸವುಳ್ಳವರು ಇಂದು ಹೇಳುವ ಮಾತುಗಳೇ ಇವು.

ಈ ಅಧ್ಯಾಯದಲ್ಲಿ ಇನ್ನೂ ಮಹತ್ವದ ಒಂದು ಮಾತಿದೆ. ಹೊಸದಾಗಿ ಹುಟ್ಟಿದ ತಮಕಶ್ವಾಸ ಗುಣವಾಗಬಹುದು. ಉಳಿದಂತೆ ಅದು ಯಾಪ್ಯ. ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ಹತೋಟಿಯಲ್ಲಿದ್ದು, ಬಿಟ್ಟರೆ ಮರಳುವ ರೋಗಕ್ಕೆ ಯಾಪ್ಯವೆಂದು ಹೆಸರು. ಸುಶ್ರುತಸಂಹಿತೆಯು ಯಾಪ್ಯ ರೋಗಿಯನ್ನು ಬೀಳಲಿರುವ ಮನೆಗೂ, ಚಿಕಿತ್ಸೆಯನ್ನು ಅದಕ್ಕೆ ಆನಿಸಿ ನಿಲ್ಲಿಸಿದ ಕಂಬಕ್ಕೂ ಹೋಲಿಸುತ್ತದೆ. ರೋಗವನ್ನು ಗುಣವಾಗುವಂಥದು, ಗುಣವಾಗದು ಎಂದು ಎರಡೇ ಪಾಲು ಮಾಡದೆ ನಡುವೆ ಮೂರನೆಯದೊಂದನ್ನು ಇರಿಸಿದ್ದು ಈ ಪರಂಪರೆಯ ವಿವೇಕ. ಆಧುನಿಕ ವೈದ್ಯಶಾಸ್ತ್ರವು ಬೇರೆ ದಾರಿಯಿಂದ ಬಂದು ಇದೇ ಬಗೆಯ ನಿಲುವನ್ನು ತಲುಪಿತು. ಆ ದಾರಿಯನ್ನು ತಿಳಿಯಬೇಕಾದರೆ ಶ್ವಾಸನಾಳದೊಳಗೆ ನಡೆಯುವುದನ್ನು ನೋಡಬೇಕು.

ರೋಗನಿರೋಧ ವ್ಯವಸ್ಥೆಯ ಪಾತ್ರ

ಅಸ್ತಮಾ ಎಂದರೆ ಶ್ವಾಸನಾಳಗಳ ದೀರ್ಘಕಾಲದ ಉರಿಯೂತ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಮುಖ್ಯವಾಗಿ ಶ್ವಾಸನಾಳದ ಸ್ನಾಯುಗಳ ಸೆಳೆತವೆಂದು ಭಾವಿಸಲಾಗಿತ್ತು. 1906ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಶಬ್ದವನ್ನು ರೂಪಿಸಿದರು. 1966–67ರಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಜೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಪ್ರತ್ಯೇಕವಾಗಿ ನಡೆಸಿದ ಸಂಶೋಧನೆಯಿಂದ ಅಲರ್ಜಿಗೆ ಕಾರಣವಾದ ಪ್ರತಿಕಾಯವು ಗುರುತಿಸಲ್ಪಟ್ಟಿತು. 1968ರಲ್ಲಿ ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್-ಇ, ಸಂಕ್ಷೇಪವಾಗಿ ಐಜಿಇ, ಎಂದು ಹೆಸರಾಯಿತು.

ಪ್ರಕ್ರಿಯೆಯು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ದೂಳಿನ ನುಸಿಯ ಹಿಕ್ಕೆಯಂಥ ಅಲರ್ಜಿಕಾರಕ ವಸ್ತು ಉಸಿರಿನೊಂದಿಗೆ ಒಳಹೋಗುತ್ತದೆ. ಶ್ವಾಸನಾಳದ ಒಳಪದರದ ಬಳಿ ಕಾವಲಿರುವ ಡೆಂಡ್ರೈಟಿಕ್ ಕೋಶಗಳು ಅದರ ಅಂಶವನ್ನು ಹಿಡಿದು ಟಿ ಕೋಶಗಳಿಗೆ ತೋರಿಸುತ್ತವೆ. ಅಲರ್ಜಿಯ ಒಲವುಳ್ಳವರಲ್ಲಿ ಈ ಟಿ ಕೋಶಗಳು ‘ಟಿ ಸಹಾಯಕ–2’ ಎಂಬ ಬಗೆಗೆ ತಿರುಗುತ್ತವೆ. ಅವು ಸ್ರವಿಸುವ ಇಂಟರ್‌ಲ್ಯೂಕಿನ್–4 ಮತ್ತು 13 ಎಂಬ ಸಂದೇಶವಸ್ತುಗಳ ಪ್ರಚೋದನೆಯಿಂದ ಬಿ ಕೋಶಗಳು ಐಜಿಇಯನ್ನು ತಯಾರಿಸುತ್ತವೆ. ಈ ಐಜಿಇ ಮಾಸ್ಟ್ ಕೋಶಗಳ ಮೇಲ್ಮೈಗೆ ಅಂಟಿ ಕುಳಿತುಕೊಳ್ಳುತ್ತದೆ. ಈ ಹಂತದಲ್ಲಿ ವ್ಯಕ್ತಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ.

ಅದೇ ವಸ್ತು ಮತ್ತೆ ಒಳಬಂದಾಗ ಎರಡನೆಯ ಹಂತ ಆರಂಭವಾಗುತ್ತದೆ. ಐಜಿಇಗಳನ್ನು ಅದು ಪರಸ್ಪರ ಕೂಡಿಸಿದೊಡನೆ ಮಾಸ್ಟ್ ಕೋಶಗಳಿಂದ ಹಿಸ್ಟಮಿನ್, ಲ್ಯೂಕೊಟ್ರೈನ್ ಮೊದಲಾದ ವಸ್ತುಗಳು ಹೊರಚೆಲ್ಲುತ್ತವೆ. ಕೆಲವೇ ನಿಮಿಷಗಳಲ್ಲಿ ಶ್ವಾಸನಾಳದ ಸ್ನಾಯು ಬಿಗಿದು, ಒಳಪದರ ಊದಿ, ಲೋಳೆ ಹೆಚ್ಚುತ್ತದೆ. ಜನರು ಉಬ್ಬಸವೆಂದು ಗುರುತಿಸುವುದು ಇದನ್ನೇ. ಆದರೆ ಕೆಲವು ಗಂಟೆಗಳ ತರುವಾಯ ತಡವಾದ ಪ್ರತಿಕ್ರಿಯೆ ಬರುತ್ತದೆ. ಇಂಟರ್‌ಲ್ಯೂಕಿನ್–5ರ ಪ್ರಭಾವದಿಂದ ರಕ್ತದ ಇಯೊಸಿನೊಫಿಲ್ ಕೋಶಗಳು ಶ್ವಾಸನಾಳದ ಗೋಡೆಗೆ ಬಂದು ಸೇರಿ ಅದರ ಒಳಪದರಕ್ಕೆ ಹಾನಿ ಮಾಡುತ್ತವೆ. ಹಾನಿಗೊಂಡ ಪದರವು ಹೊಗೆ, ತಂಪುಗಾಳಿ, ಅಗರಬತ್ತಿಯ ವಾಸನೆ, ನಗು ಇಂಥ ಅಲ್ಪ ಕಾರಣಗಳಿಗೂ ಕೆರಳುತ್ತದೆ. ರೋಗಿಗೆ ಸರಾಗವೆನಿಸಿದ ದಿನಗಳಲ್ಲಿಯೂ ಈ ಉರಿಯೂತ ಉಳಿದಿರುತ್ತದೆ. ವರ್ಷಾನುಗಟ್ಟಲೆ ಹೀಗೆಯೇ ಬಿಟ್ಟರೆ ಶ್ವಾಸನಾಳದ ಗೋಡೆ ದಪ್ಪವಾಗಿ, ಮರಳಿ ತೆರೆಯದ ಮಟ್ಟಿಗೆ ಕಿರಿದಾಗಬಹುದು.

ಶ್ವಾಸನಾಳದ ಒಳಪದರವೇ ಹೊಗೆ, ವೈರಾಣು ಮುಂತಾದವುಗಳ ತಾಗುವಿಕೆಯಿಂದ ಎಚ್ಚರಿಕೆಯ ಸಂದೇಶಗಳನ್ನು ಹೊರಡಿಸಬಲ್ಲುದೆಂಬುದು ಇಪ್ಪತ್ತೊಂದನೆಯ ಶತಮಾನದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಸಹಜ ಲಿಂಫಾಯ್ಡ್ ಕೋಶಗಳ ಎರಡನೆಯ ಗುಂಪು ಈ ಸಂದೇಶಕ್ಕೆ ಓಗೊಟ್ಟು, ಐಜಿಇಯ ನೆರವಿಲ್ಲದೆಯೇ ಅದೇ ಬಗೆಯ ಉರಿಯೂತವನ್ನು ಉಂಟುಮಾಡುತ್ತದೆ. ಅಲರ್ಜಿಯಿಲ್ಲದವರಿಗೂ ಅಸ್ತಮಾ ಬರುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಒಂದು ಉತ್ತರ ದೊರೆಯಿತು.

ಬೆಳಗಿನ ಜಾವದ ಉಬ್ಬಸ ಹಳ್ಳಿಯವರೆಲ್ಲರಿಗೂ ಪರಿಚಿತ. ದೇಹದಲ್ಲಿ ಸ್ವಾಭಾವಿಕವಾಗಿ ಉತ್ಪತ್ತಿಯಾಗುವ ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತಗ್ಗುವುದೂ ಶ್ವಾಸನಾಳಗಳು ಆ ವೇಳೆಯಲ್ಲಿ ಕಿರಿದಾಗುವುದೂ ಅದರ ಕಾರಣಗಳಲ್ಲಿ ಸೇರಿವೆ.

ಕರಾವಳಿಯ ಪರಿಸರ ಮತ್ತು ರೋಗದ ಪ್ರಕಾರಗಳು

ಮನೆದೂಳಿನ ನುಸಿಯು ಅಸ್ತಮಾದ ಪ್ರಮುಖ ಅಲರ್ಜಿಕಾರಕವೆಂದು 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಫೋರ್‌ಹೋರ್ಸ್ಟ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಕಣ್ಣಿಗೆ ಕಾಣದ ಈ ಜೀವಿ ಮನುಷ್ಯನ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ, ದಿಂಬುಗಳಲ್ಲಿ ಬದುಕುತ್ತದೆ. ನೀರು ಕುಡಿಯಲಾರದ ಅದು ಗಾಳಿಯ ತೇವವನ್ನೇ ಹೀರಿಕೊಳ್ಳುವುದರಿಂದ ಬೆಚ್ಚನೆಯ, ಆರ್ದ್ರವಾದ ಹವೆಯಲ್ಲಿ ಚೆನ್ನಾಗಿ ವೃದ್ಧಿಯಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಮಂಗಳೂರಿನ ಮನೆಗಳು ಅದಕ್ಕೆ ತಕ್ಕ ನೆಲೆ. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಅಡುಗೆಮನೆಯ ಜಿರಳೆ, ಒಲೆಯ ಹೊಗೆ ಇವೂ ಅಸ್ತಮಾವನ್ನು ಕೆರಳಿಸುತ್ತವೆ.

ತುಳುನಾಡಿನಲ್ಲಿ ಆಟಿ ತಿಂಗಳು ರೋಗರುಜಿನಗಳ ತಿಂಗಳೆಂದು ಪ್ರಸಿದ್ಧ. ಆಟಿಯ ಅಮಾವಾಸ್ಯೆಯಂದು ಬೆಳಗಿನ ಜಾವ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವ ಆಚರಣೆ, ಊರಿನ ಮಾರಿಯನ್ನು ಕಳೆಯಲು ಮನೆಮನೆಗೆ ಬರುವ ಆಟಿ ಕಳೆಂಜ ಇವು ಋತುವಿಗೂ ರೋಗಕ್ಕೂ ಇರುವ ನಂಟನ್ನು ಸಮುದಾಯವು ಗುರುತಿಸಿದ್ದಕ್ಕೆ ಸಾಕ್ಷಿ. ಸುರಿಮಳೆಯ ಈ ಕಾಲದಲ್ಲಿ ಹಾಸಿಗೆ ಒಣಗುವುದಿಲ್ಲ; ವೈರಾಣುಗಳಿಂದ ಬರುವ ಶೀತ ಹೆಚ್ಚುತ್ತದೆ. ಅಸ್ತಮಾ ಉಲ್ಬಣಿಸುವುದಕ್ಕೆ ಇಂಥ ಶೀತವೇ ಅತಿ ಸಾಮಾನ್ಯವಾದ ಕಾರಣ.

ರೋಗದ ಪ್ರಕಾರಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು. ಬಾಲ್ಯದಲ್ಲಿ ಆರಂಭವಾಗಿ ಮನೆತನದಲ್ಲಿ ಕಜ್ಜಿ, ನೆಗಡಿಗಳ ಹಿನ್ನೆಲೆಯಿರುವುದು ಅಲರ್ಜಿಯ ಅಸ್ತಮಾ. ಅಲರ್ಜಿಯ ಕುರುಹಿಲ್ಲದುದು ಅಲರ್ಜಿಯೇತರ ಅಸ್ತಮಾ. ನಡುವಯಸ್ಸಿನಲ್ಲಿ, ಹೆಚ್ಚಾಗಿ ಹೆಂಗಸರಲ್ಲಿ, ಮೊದಲ ಬಾರಿಗೆ ತೋರುವುದು ತಡವಾಗಿ ಆರಂಭವಾಗುವ ಅಸ್ತಮಾ. ಸದ್ದಿಲ್ಲದೆ ಒಣಕೆಮ್ಮಾಗಿ ಮಾತ್ರ ಕಾಣಿಸಿಕೊಳ್ಳುವುದು ಇನ್ನೊಂದು. ಆಸ್ಪಿರಿನ್‌ನಂಥ ನೋವುಮಾತ್ರೆಗಳಿಂದ ಕೆರಳುವುದು, ಬೊಜ್ಜಿನೊಂದಿಗೆ ಬರುವುದು, ವ್ಯಾಯಾಮದಿಂದ ಪ್ರಚೋದಿತವಾಗುವುದು ಉಳಿದ ಕೆಲವು. ಉರಿಯೂತದ ಸ್ವರೂಪವನ್ನು ಆಧರಿಸಿ ‘ಎರಡನೆಯ ಬಗೆಯ ಉರಿಯೂತ ಹೆಚ್ಚಿರುವ’ ಮತ್ತು ‘ಕಡಿಮೆಯಿರುವ’ ಅಸ್ತಮಾ ಎಂಬ ವಿಭಜನೆಯೂ ಇಂದು ಬಳಕೆಯಲ್ಲಿದೆ. ಇಯೊಸಿನೊಫಿಲ್ ಹೆಚ್ಚಿರುವ ಮೊದಲ ಬಗೆಯು ಸ್ಟೆರಾಯ್ಡ್ ಔಷಧಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ.

ಕರಾವಳಿಯ ಮಟ್ಟಿಗೆ ವೃತ್ತಿಜನ್ಯ ಅಸ್ತಮಾವನ್ನು ಪ್ರತ್ಯೇಕವಾಗಿ ಹೇಳಬೇಕು. ಮರದ ಹೊಟ್ಟು, ಹಿಟ್ಟಿನ ದೂಳು, ಹುರಿಯದ ಕಾಫಿಬೀಜದ ದೂಳು, ಸಿಗಡಿ–ಏಡಿಗಳನ್ನು ಶುಚಿಮಾಡುವಾಗ ಗಾಳಿಗೆ ಸೇರುವ ಕಣಗಳು ಇವು ಅಸ್ತಮಾವನ್ನು ಉಂಟುಮಾಡಬಲ್ಲವೆಂಬುದು ಜಗತ್ತಿನ ಹಲವೆಡೆ ಸ್ಥಾಪಿತವಾದ ಸಂಗತಿ. ಮರದ ಮಿಲ್ಲು, ಮೀನುಗಾರಿಕೆ, ಹತ್ತೊಂಬತ್ತನೆಯ ಶತಮಾನದಿಂದ ಬೆಳೆದ ಕಾಫಿ ಸಂಸ್ಕರಣೆ ಈ ಮೂರೂ ಮಂಗಳೂರಿನ ಆರ್ಥಿಕ ಚರಿತ್ರೆಯ ಭಾಗಗಳು. ರಜೆಯ ದಿನಗಳಲ್ಲಿ ಕಡಿಮೆಯಾಗಿ ಕೆಲಸಕ್ಕೆ ಮರಳಿದೊಡನೆ ಹೆಚ್ಚುವ ಉಬ್ಬಸವು ವೃತ್ತಿಯತ್ತ ಬೆರಳು ತೋರಿಸುತ್ತದೆ. ವೃತ್ತಿಪದಗಳನ್ನು ಸಂಗ್ರಹಿಸುವ ಜಾನಪದ ಸಂಶೋಧಕರು ವೃತ್ತಿಯೊಂದಿಗೆ ಬರುವ ರೋಗಗಳ ಹೆಸರುಗಳನ್ನೂ ದಾಖಲಿಸುವುದು ಈ ಕಾರಣದಿಂದ ಉಪಯುಕ್ತ.

ನಗರೀಕರಣದ ಪ್ರಭಾವವನ್ನು ಕರ್ನಾಟಕದ್ದೇ ಆದ ಒಂದು ಅಧ್ಯಯನ ಸೂಚಿಸುತ್ತದೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರಿಶೀಲಿಸಿ, ಅಸ್ತಮಾದ ಪ್ರಮಾಣವು 1979ರಲ್ಲಿ ಶೇ. 9 ಇದ್ದುದು 1999ರಲ್ಲಿ ಶೇ. 29.5ಕ್ಕೆ ಏರಿದುದನ್ನು ದಾಖಲಿಸಿದರು. ಇದು ಆಸ್ಪತ್ರೆಯ ಅಂಕಿಯಾದುದರಿಂದ ಇಡೀ ಜನಸಂಖ್ಯೆಗೆ ಅನ್ವಯಿಸುವಂತಿಲ್ಲ. ಮೈಸೂರೂ ಸೇರಿದಂತೆ ಹನ್ನೆರಡು ಕೇಂದ್ರಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಹದಿನೈದು ವರ್ಷ ದಾಟಿದವರಲ್ಲಿ ಶೇ. 2.05ರಷ್ಟು ಮಂದಿಗೆ ಅಸ್ತಮಾ ಇರುವುದನ್ನು ಕಂಡಿತು. ಪ್ರಶ್ನಾವಳಿಯನ್ನು ಅವಲಂಬಿಸಿದ ಇಂಥ ಸಮೀಕ್ಷೆಗಳಲ್ಲಿ ಯಾವ ಶಬ್ದದಿಂದ ಪ್ರಶ್ನೆ ಕೇಳಲಾಯಿತು ಎಂಬುದೂ ಫಲಿತಾಂಶವನ್ನು ಬದಲಿಸಬಲ್ಲದು.

ರೋಗನಿರ್ಣಯ

ಅಸ್ತಮಾ ನಿರ್ಣಯಕ್ಕೆ ಎರಡು ಆಧಾರಗಳು ಬೇಕು. ಒಂದು, ರೋಗಿಯ ಕಥನ. ಇನ್ನೊಂದು, ಉಸಿರಿನ ಅಳತೆ. ಉಬ್ಬಸ, ಏದುಸಿರು, ಎದೆಬಿಗಿತ, ಕೆಮ್ಮು ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಲಕ್ಷಣಗಳಿರುವುದು, ಅವು ಬಂದು ಹೋಗುತ್ತಿರುವುದು, ರಾತ್ರಿ ಅಥವಾ ಬೆಳಗಿನ ಜಾವ ಹೆಚ್ಚುವುದು, ಶೀತ, ದೂಳು, ಶ್ರಮಗಳಿಂದ ಕೆರಳುವುದು ಅಸ್ತಮಾದ ಕಡೆಗೆ ಸೂಚಿಸುತ್ತವೆ. ಏರಿಳಿತವೇ ಈ ರೋಗದ ಮುಖ್ಯ ಗುರುತು.

ಉಸಿರನ್ನು ಅಳೆಯುವ ಸ್ಪೈರೊಮೀಟರ್ ಸಾಧನವನ್ನು 1846ರಲ್ಲಿ ಜಾನ್ ಹಚಿನ್ಸನ್ ಜಗತ್ತಿಗೆ ಪರಿಚಯಿಸಿದರು. ಪೂರ್ಣವಾಗಿ ಉಸಿರೆಳೆದುಕೊಂಡು ರಭಸದಿಂದ ಹೊರಬಿಟ್ಟಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂಬ ಎರಡು ಅಳತೆಗಳ ಅನುಪಾತವು ಶ್ವಾಸನಾಳ ಕಿರಿದಾಗಿದೆಯೇ ಎಂಬುದನ್ನು ತಿಳಿಸುತ್ತದೆ. ಬಳಿಕ ಶ್ವಾಸನಾಳವನ್ನು ಹಿಗ್ಗಿಸುವ ಔಷಧ ಕೊಟ್ಟು ಮತ್ತೆ ಅಳೆಯುತ್ತಾರೆ. ವಯಸ್ಕರಲ್ಲಿ ಮೊದಲ ಸೆಕೆಂಡಿನ ಪ್ರಮಾಣವು ಶೇ. 12ಕ್ಕೂ 200 ಮಿಲಿಲೀಟರಿಗೂ ಮಿಕ್ಕಿ ಹೆಚ್ಚಿದರೆ ಅದು ಅಸ್ತಮಾಕ್ಕೆ ಬಲವಾದ ಬೆಂಬಲ. ಸರಾಗವಾಗಿರುವ ದಿನ ಈ ಪರೀಕ್ಷೆ ಸಹಜ ಫಲಿತಾಂಶ ತೋರಬಹುದು. ಅದರಿಂದ ರೋಗವಿಲ್ಲವೆಂದು ಸಿದ್ಧವಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಉಸಿರಿನ ಗರಿಷ್ಠ ರಭಸವನ್ನು ತೋರಿಸುವ ಸಣ್ಣ ಕೊಳವೆಯನ್ನು ಮನೆಗೇ ಕೊಟ್ಟು, ಎರಡು ವಾರ ಬೆಳಗ್ಗೆ ಮತ್ತು ಸಂಜೆ ಬರೆದಿಡಲು ಹೇಳುತ್ತಾರೆ. ದಿನದೊಳಗಿನ ವ್ಯತ್ಯಾಸದ ಸರಾಸರಿಯು ವಯಸ್ಕರಲ್ಲಿ ಶೇ. 10ನ್ನು ಮೀರಿದರೆ ಅದು ಅಸಹಜ. ರಕ್ತದ ಇಯೊಸಿನೊಫಿಲ್ ಎಣಿಕೆ, ಉಸಿರಿನ ನೈಟ್ರಿಕ್ ಆಕ್ಸೈಡ್ ಅಳತೆ, ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆ ಇವು ಪ್ರಕಾರವನ್ನು ತಿಳಿಯಲು ನೆರವಾಗುತ್ತವೆ.

ಉಬ್ಬಸವೆಲ್ಲ ಅಸ್ತಮಾವಲ್ಲ. ಬೀಡಿಯ ಮತ್ತು ಒಲೆಯ ಹೊಗೆಯಿಂದ ಬರುವ ಶ್ವಾಸಕೋಶದ ದೀರ್ಘಕಾಲದ ಅಡಚಣೆಯ ರೋಗ, ಹೃದಯದ ದೌರ್ಬಲ್ಯ, ಕ್ಷಯ ಇವುಗಳಿಂದಲೂ ಏದುಸಿರು ಬರುತ್ತದೆ. ಕರಾವಳಿಗೆ ವಿಶಿಷ್ಟವಾದ ಇನ್ನೊಂದು ಸಾಧ್ಯತೆಯಿದೆ. ದಕ್ಷಿಣ ಕನ್ನಡವು ಆನೆಕಾಲು ರೋಗದ ಪ್ರದೇಶವೆಂದು ಹೆಸರಾಗಿದ್ದ ಜಿಲ್ಲೆಗಳಲ್ಲೊಂದು. ಆ ರೋಗದ ಹುಳುವಿನ ಮರಿಗಳಿಗೆ ದೇಹ ತೋರುವ ಅತಿಪ್ರತಿಕ್ರಿಯೆಯಿಂದ ರಾತ್ರಿ ಕೆಮ್ಮು, ಉಬ್ಬಸ ಬಂದು ರಕ್ತದಲ್ಲಿ ಇಯೊಸಿನೊಫಿಲ್ ವಿಪರೀತ ಏರುವುದುಂಟು. 1943ರಲ್ಲಿ ವೈನ್‌ಗಾರ್ಟನ್ ಅವರು ಇದಕ್ಕೆ ‘ಉಷ್ಣವಲಯದ ಇಯೊಸಿನೊಫೀಲಿಯಾ’ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಇಂದು ಅಸ್ತಮಾಕ್ಕೆ ಮುಸುಕಾಗಿರುವ ‘ಇಸ್ನೋಫೀಲಿಯಾ’ ಪದದ ಹಿಂದೆ ಇಂಥ ನಿಜವಾದ ಬೇರೊಂದು ರೋಗವಿದೆ. ಅದಕ್ಕೆ ಡೈಈಥೈಲ್‌ಕಾರ್ಬಮಜೀನ್ ಮಾತ್ರೆಯ ಮೂರು ವಾರಗಳ ಚಿಕಿತ್ಸೆಯಿದ್ದರೆ, ಅಸ್ತಮಾದ ಚಿಕಿತ್ಸೆ ದೀರ್ಘಕಾಲದ್ದು. ಹೆಸರಿನ ಗೊಂದಲ ಇಲ್ಲಿ ಚಿಕಿತ್ಸೆಯ ಗೊಂದಲವಾಗುತ್ತದೆ.

ತೀವ್ರತೆಯ ವರ್ಗೀಕರಣ

ಅಸ್ತಮಾವನ್ನು ಲಕ್ಷಣಗಳ ಆವರ್ತನದಿಂದ ನಾಲ್ಕು ವರ್ಗಗಳಾಗಿ ಎಣಿಸುವ ಪದ್ಧತಿ ಬಹುಕಾಲ ಪ್ರಚಾರದಲ್ಲಿತ್ತು. ಅಮೆರಿಕದ 2007ರ ಮಾರ್ಗಸೂಚಿಯ ಪ್ರಕಾರ, ವಯಸ್ಕರಲ್ಲಿ ವಾರಕ್ಕೆ ಎರಡು ದಿನಗಳಿಗೆ ಮೀರದೆ ಲಕ್ಷಣಗಳಿದ್ದು, ತಿಂಗಳಿಗೆ ಎರಡಕ್ಕಿಂತ ಹೆಚ್ಚು ರಾತ್ರಿ ಎಚ್ಚರವಾಗದಿದ್ದರೆ ಅದು ಮರುಕಳಿಸುವ ಅಸ್ತಮಾ. ವಾರಕ್ಕೆ ಎರಡು ದಿನಗಳಿಗೆ ಮೀರಿದರೂ ನಿತ್ಯವಲ್ಲದಿದ್ದರೆ ಸೌಮ್ಯ ಸ್ಥಿರ ಅಸ್ತಮಾ. ನಿತ್ಯ ಲಕ್ಷಣಗಳಿದ್ದು, ಮೊದಲ ಸೆಕೆಂಡಿನ ಉಸಿರಿನ ಪ್ರಮಾಣವು ನಿರೀಕ್ಷಿತ ಮಟ್ಟದ ಶೇ. 60ರಿಂದ 80ರ ನಡುವೆ ಇದ್ದರೆ ಮಧ್ಯಮ. ದಿನವಿಡೀ ಲಕ್ಷಣಗಳಿದ್ದು, ಆ ಪ್ರಮಾಣ ಶೇ. 60ಕ್ಕಿಂತ ತಗ್ಗಿದರೆ ತೀವ್ರ.

ಈ ವರ್ಗೀಕರಣ ಸರಳವಾಗಿದ್ದರೂ ಅದರಲ್ಲಿ ಒಂದು ದೋಷವಿತ್ತು. ಲಕ್ಷಣ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂಬ ಭಾವನೆಯನ್ನು ಅದು ಬೆಳೆಸಿತು. ಬ್ರಿಟನ್ನಿನಲ್ಲಿ ಅಸ್ತಮಾದಿಂದಾದ 195 ಸಾವುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯು ಇದನ್ನು ಸ್ಪಷ್ಟಪಡಿಸಿತು. ಮೃತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೌಮ್ಯ ಅಥವಾ ಮಧ್ಯಮ ಅಸ್ತಮಾದ ರೋಗಿಗಳೆಂದು ಚಿಕಿತ್ಸೆ ಪಡೆಯುತ್ತಿದ್ದವರು.

1993ರಲ್ಲಿ ಸ್ಥಾಪನೆಯಾದ ‘ಜಿನಾ’ ಎಂಬ ಅಂತಾರಾಷ್ಟ್ರೀಯ ಅಸ್ತಮಾ ಉಪಕ್ರಮವು 2006ರಿಂದ ತೀವ್ರತೆಗಿಂತ ಹತೋಟಿಗೆ ಪ್ರಾಧಾನ್ಯ ಕೊಟ್ಟಿತು. ಕಳೆದ ನಾಲ್ಕು ವಾರಗಳನ್ನು ಕುರಿತು ರೋಗಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಲಾಗುತ್ತದೆ. ಹಗಲಿನಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ತೊಂದರೆಯಾಯಿತೇ? ರಾತ್ರಿ ಎಚ್ಚರವಾಯಿತೇ? ತಕ್ಷಣ ಉಪಶಮನ ಕೊಡುವ ಔಷಧ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಯಿತೇ? ಕೆಲಸಕಾರ್ಯಕ್ಕೆ ಅಡ್ಡಿಯಾಯಿತೇ? ಎಲ್ಲಕ್ಕೂ ಇಲ್ಲವೆಂದರೆ ರೋಗ ಹತೋಟಿಯಲ್ಲಿದೆ. ಒಂದೆರಡಕ್ಕೆ ಹೌದೆಂದರೆ ಭಾಗಶಃ ಹತೋಟಿ. ಮೂರು ಅಥವಾ ನಾಲ್ಕಕ್ಕೆ ಹೌದೆಂದರೆ ಹತೋಟಿ ತಪ್ಪಿದೆ. ತೀವ್ರತೆಯನ್ನು ಕೆಲವು ತಿಂಗಳ ಚಿಕಿತ್ಸೆಯ ಅನಂತರ, ಎಷ್ಟು ಔಷಧದಿಂದ ಹತೋಟಿ ಸಾಧ್ಯವಾಯಿತು ಎಂಬುದರಿಂದ ಅಳೆಯುವುದು ಈಗಿನ ಕ್ರಮ. ಕಡಿಮೆ ಪ್ರಮಾಣದ ಔಷಧದಲ್ಲಿ ನಿಂತರೆ ಸೌಮ್ಯ. ಹೆಚ್ಚಿನ ಪ್ರಮಾಣವನ್ನು ಸರಿಯಾಗಿ ಸೇದಿದರೂ ನಿಲ್ಲದಿದ್ದರೆ, ಇಲ್ಲವೇ ಅಷ್ಟನ್ನೂ ಕೊಟ್ಟ ಮೇಲಷ್ಟೇ ನಿಂತರೆ ತೀವ್ರ. ತೀವ್ರ ವರ್ಗದವರಿಗಾಗಿ ಐಜಿಇಯನ್ನು ತಡೆಯುವ ಒಮಾಲಿಜುಮ್ಯಾಬ್ (2003), ಇಂಟರ್‌ಲ್ಯೂಕಿನ್–5ನ್ನು ತಡೆಯುವ ಮೆಪೊಲಿಜುಮ್ಯಾಬ್ (2015) ಮುಂತಾದ ಚುಚ್ಚುಮದ್ದುಗಳು ಬಂದಿವೆ. ‘ಸೌಮ್ಯ ಅಸ್ತಮಾ’ ಎಂಬ ಮಾತು ರೋಗಿಗಳಲ್ಲಿ ಅಲಕ್ಷ್ಯ ಹುಟ್ಟಿಸುವುದರಿಂದ ಅದನ್ನು ಆದಷ್ಟು ಬಿಡಬೇಕೆಂದು 2022ರ ಜಿನಾ ವರದಿ ಸೂಚಿಸಿದೆ.

ಉಲ್ಬಣಗೊಂಡಾಗಿನ ತೀವ್ರತೆಯ ಲೆಕ್ಕ ಇದಕ್ಕಿಂತ ಬೇರೆ. ಪೂರ್ಣ ವಾಕ್ಯ ಆಡಬಲ್ಲವರ ಸ್ಥಿತಿ ಅಷ್ಟು ಗಂಭೀರವಲ್ಲ. ಒಂದೊಂದೇ ಪದ ಆಡುವವರು, ಮುಂದಕ್ಕೆ ಬಾಗಿ ಕುಳಿತವರು, ನಾಡಿ ನಿಮಿಷಕ್ಕೆ 120ನ್ನೂ ಉಸಿರು 30ನ್ನೂ ಮೀರಿದವರು ತಡಮಾಡದೆ ಆಸ್ಪತ್ರೆ ಸೇರಬೇಕು. ಗೂರಲಿನ ಸದ್ದು ನಿಂತೇಹೋಗುವುದು ಎಲ್ಲಕ್ಕಿಂತ ಅಪಾಯದ ಚಿಹ್ನೆ. ಸದ್ದು ಮಾಡುವಷ್ಟು ಗಾಳಿಯೂ ಆಗ ಓಡಾಡುತ್ತಿರುವುದಿಲ್ಲ. ಸದ್ದಿನಿಂದಲೇ ರೋಗವನ್ನು ಗುರುತಿಸುವ ಮನೆಯವರು ಆ ಮೌನವನ್ನು ಗುಣವೆಂದು ತಿಳಿಯುವ ಸಂಭವವಿದೆ.

ಜನಪದ ಚಿಕಿತ್ಸೆ: ಸೆಳೆತ ಮತ್ತು ಉರಿಯೂತ

ಜನಪದ ವೈದ್ಯವನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಒಪ್ಪಿಕೊಳ್ಳುವುದೂ ಸಂಶೋಧನೆಗೆ ಸಲ್ಲದು. ಉಮ್ಮತ್ತಿ ಅಥವಾ ದತ್ತೂರಿಯ ಒಣಗಿದ ಭಾಗಗಳ ಹೊಗೆಯನ್ನು ಉಬ್ಬಸಕ್ಕೆ ಸೇದುವ ಪದ್ಧತಿ ದಕ್ಷಿಣ ಭಾರತದಲ್ಲಿತ್ತು. ಮದರಾಸಿನ ವೈದ್ಯಾಧಿಕಾರಿ ಆಂಡರ್ಸನ್ ಅವರಿಂದ ಇದನ್ನು ತಿಳಿದ ಜನರಲ್ ಜೆಂಟ್ 1802ರಲ್ಲಿ ಬ್ರಿಟನ್ನಿಗೆ ಒಯ್ದರು. ಮಂಗಳೂರೂ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಅಸ್ತಮಾ ಸಿಗರೇಟುಗಳು ಹರಡಿದ್ದಕ್ಕೆ ಇದು ಕಾರಣವಾಯಿತು. ಆ ಗಿಡದ ಅಟ್ರೊಪಿನ್‌ನಂಥ ಸತ್ತ್ವಗಳು ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತವೆ. ಇಂದಿನ ಐಪ್ರಟ್ರೋಪಿಯಂ ಅದೇ ಕುಲದ ಸುರಕ್ಷಿತ ಔಷಧ. ದತ್ತೂರಿ ವಿಷವಾದುದರಿಂದ ಅದನ್ನು ಸೇದುವುದು ಇಂದು ಸಲ್ಲದು. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಕಫ ತೆಳುಗೊಳಿಸುವ ಬ್ರೋಮ್‌ಹೆಕ್ಸಿನ್ ರೂಪುಗೊಂಡಿತು. ಸೆಳೆತವನ್ನು ಬಿಡಿಸುವ, ಕಫವನ್ನು ಸಡಿಲಿಸುವ ಜ್ಞಾನ ಜನಪದದಲ್ಲಿ ನಿಜವಾಗಿಯೂ ಇತ್ತು. ಉರಿಯೂತ ಕಣ್ಣಿಗೆ ಬೀಳದ ವಿಷಯವಾದ್ದರಿಂದ ಅದಕ್ಕೆ ಹೆಸರೂ ಹುಟ್ಟಲಿಲ್ಲ.

ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಮುರ್ರೆಲ್ ಜಾತಿಯ ಜೀವಂತ ಮರಿಮೀನಿನ ಬಾಯಲ್ಲಿ ಔಷಧದ ಉಂಡೆಯಿಟ್ಟು ನುಂಗಿಸುವ ಪದ್ಧತಿ ಪ್ರಸಿದ್ಧ. ಕೊಪ್ಪಳ ಜಿಲ್ಲೆಯ ಕುಟುಗನಹಳ್ಳಿಯಲ್ಲಿಯೂ ಅದೇ ಹೊತ್ತಿಗೆ ಅಸ್ತಮಾಕ್ಕೆ ಮದ್ದು ಕೊಡುವ ವಾಡಿಕೆಯಿದೆ. ಹೈದರಾಬಾದಿನ ಮದ್ದು ವೈಜ್ಞಾನಿಕ ವಿವಾದಗಳ ತರುವಾಯ ‘ಪ್ರಸಾದ’ ಎಂಬ ಹೆಸರಿನಿಂದ ಪ್ರಚಾರದಲ್ಲಿದೆ. ಮಳೆಗಾಲದ ಬಾಗಿಲಲ್ಲಿ ಉಬ್ಬಸ ನೆನಪಾಗುವುದು ಸರಿಯಾದ ಅವಲೋಕನ. ಸಮುದಾಯ ಒಂದೆಡೆ ಸೇರುವುದು, ರೋಗವನ್ನು ಬಚ್ಚಿಡದೆ ಸರದಿಯಲ್ಲಿ ನಿಲ್ಲುವುದು ಇವಕ್ಕೂ ಸಾಮಾಜಿಕ ಮೌಲ್ಯವಿದೆ. ಆದರೆ ಒಂದು ದಿನದ ಮದ್ದಿನಿಂದ ಈ ಉರಿಯೂತ ಅಳಿಯುವುದೆಂಬುದಕ್ಕೆ ಆಧಾರವಿಲ್ಲ. ಅದನ್ನು ನಂಬಿ ನಿತ್ಯದ ಔಷಧ ಬಿಟ್ಟಾಗ ಅಪಾಯ ಆರಂಭವಾಗುತ್ತದೆ.

ಇದೇ ತರ್ಕ ಆಸ್ಪತ್ರೆಯ ಔಷಧಗಳಿಗೂ ಹಬ್ಬಿದೆ. 1969ರಲ್ಲಿ ಬಂದ ಸಾಲ್ಬುಟಮಾಲ್ ಸೆಳೆತವನ್ನು ನಿಮಿಷಗಳಲ್ಲಿ ಬಿಡಿಸುತ್ತದೆ. 1972ರಲ್ಲಿ ಬಂದ ಸೇದುವ ಬೆಕ್ಲೊಮೆಟಾಸೋನ್ ಉರಿಯೂತವನ್ನು ನಿಧಾನವಾಗಿ ತಗ್ಗಿಸುತ್ತದೆ. ಮೊದಲನೆಯದರ ಗುಣ ಕೂಡಲೆ ಅನುಭವಕ್ಕೆ ಬರುವುದರಿಂದ ರೋಗಿ ಅದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಡುತ್ತಾನೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿದವರಲ್ಲಿ ಅಪಾಯ ಹೆಚ್ಚೆಂಬ ಕಾರಣದಿಂದ, 2019ರಿಂದ ಜಿನಾ ಅದನ್ನು ಒಂಟಿಯಾಗಿ ಬಳಸುವ ಚಿಕಿತ್ಸೆಯನ್ನು ಶಿಫಾರಸಿನಿಂದ ಕೈಬಿಟ್ಟಿತು. ‘ಪಂಪು ಹಿಡಿದರೆ ಬಿಡಲಾಗದು, ಮಾತ್ರೆಯೇ ಮೇಲು’ ಎಂಬ ನಂಬಿಕೆಯೂ ವ್ಯಾಪಕ. ಲೆಕ್ಕ ಇದಕ್ಕೆ ವಿರುದ್ಧವಾಗಿದೆ. ಸಾಲ್ಬುಟಮಾಲಿನ ಪಂಪನ್ನು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ. ಮಾತ್ರೆಯಲ್ಲಿರುವುದು 2 ಅಥವಾ 4 ಮಿಲಿಗ್ರಾಂ, ಎಂದರೆ 20ರಿಂದ 40 ಪಟ್ಟು.

ಸಮಾರೋಪ

ಜಾಗತಿಕ ರೋಗಭಾರದ ಅಂದಾಜುಗಳ ಪ್ರಕಾರ ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ. 13 ಮಂದಿ ಭಾರತದಲ್ಲಿದ್ದಾರೆ. ಅಸ್ತಮಾದ ಸಾವುಗಳಲ್ಲಿ ಭಾರತದ ಪಾಲು ಶೇ. 40ಕ್ಕೂ ಹೆಚ್ಚು. ಔಷಧದ ಬೆಲೆ, ಲಭ್ಯತೆ, ನಿರ್ಣಯದ ಕೊರತೆ ಇವೆಲ್ಲ ಇದರ ಕಾರಣಗಳು. ರೋಗವನ್ನು ಕುರಿತ ಮಾತಿನ ಕೊರತೆಯನ್ನೂ ಇವುಗಳ ಜೊತೆಗೆ ಎಣಿಸಬೇಕು. ‘ಈಗ ದಮ್ಮು ಇದೆಯೇ’ ಎಂದು ಕೇಳಿದರೆ ಸರಾಗವಾಗಿ ಉಸಿರಾಡುತ್ತಿರುವ ರೋಗಿ ಇಲ್ಲವೆನ್ನುತ್ತಾನೆ. ಆತನ ಭಾಷೆಯಲ್ಲಿ ಆ ಉತ್ತರ ಸುಳ್ಳಲ್ಲ. ಕಳೆದ ತಿಂಗಳಲ್ಲಿ ಎಷ್ಟು ರಾತ್ರಿ ಎದ್ದು ಕುಳಿತಿರಿ ಎಂದು ಕೇಳಿದಾಗ ಬೇರೆ ಉತ್ತರ ಬರುತ್ತದೆ.

ಈ ಹಿನ್ನೆಲೆಯಲ್ಲಿ ಜಾನಪದ ಅಧ್ಯಯನ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಹತೋಟಿಯನ್ನು ಅಳೆಯುವ ನಾಲ್ಕು ಪ್ರಶ್ನೆಗಳನ್ನು ತುಳು, ಕೊಂಕಣಿ, ಬ್ಯಾರಿ ಮತ್ತು ಕರಾವಳಿಯ ಕನ್ನಡದಲ್ಲಿ ಜನರು ನಿಜವಾಗಿ ಆಡುವ ಶಬ್ದಗಳಿಂದ ರೂಪಿಸಬೇಕು. ರೋಗಗಳ ಹೆಸರು, ಮುಸುಕು ಹೆಸರು, ಋತುಸಂಬಂಧದ ನಂಬಿಕೆಗಳನ್ನು ಸಂಗ್ರಹಿಸಿ ವೆನ್ಲಾಕ್‌ನಂಥ ಜಿಲ್ಲಾ ಆಸ್ಪತ್ರೆಗಳ ವೈದ್ಯ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಮಾಡಬೇಕು. ಯಾಪ್ಯ ಎಂಬ ಹಳೆಯ ಶಬ್ದವನ್ನೂ ಆನಿಸಿದ ಕಂಬದ ಹೋಲಿಕೆಯನ್ನೂ ಅದರ ಜೊತೆಗೆ ಬಳಸಿಕೊಳ್ಳಬಹುದು. ಗೋಡೆ ನೆಟ್ಟಗೆ ನಿಂತಿದೆಯೆಂದು ಕಂಬ ತೆಗೆಯಬಾರದೆಂಬುದನ್ನು ಹಂಪನಕಟ್ಟೆಯ ಆಸ್ಪತ್ರೆಗೆ ಬರುವ ಯಾವ ರೈತನಿಗೂ ಮೀನುಗಾರನಿಗೂ ಬೇರೆಯಾಗಿ ವಿವರಿಸಬೇಕಾಗಿಲ್ಲ.